ಹೊಸ್ತಿಲಲ್ಲಿ ಹೇಳುವ ಹೆಸರು

ನಂಜನಗೂಡು
ಗುರುವಾರ, ೬ ಫೆಬ್ರವರಿ ೧೯೦೮

ಪೂಜ್ಯ ಭಾವನವರಿಗೆ ಚಿಕ್ಕಬಸಪ್ಪನ ಶರಣು.

ನಿಮ್ಮ ಹೆಸರು ಹೇಳಲಿಲ್ಲವೆಂದು ಅಕ್ಕನನ್ನು ಇಂಗ್ಲಿಷಿನಲ್ಲಿ ನಪಾಸು ಮಾಡಿದ್ದಾರೆ. ಇದು ಶುದ್ಧ ಅನ್ಯಾಯ! ಕ್ಷೇಮ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ, ಕ್ಷಮಿಸಿ, ಕೈ ತಡೆಯಲಿಲ್ಲ. ನರಸೀಪುರದ ಹೊಳೆಗಾಳಿಗೆ ನಿಮ್ಮ ಕೆಮ್ಮು ಹೇಗಿದೆ? ಕಚೇರಿ ಕೆಲಸದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ಇಲ್ಲಿ ಅವ್ವ ಚೆನ್ನಾಗಿದ್ದಾಳೆ. ಅಕ್ಕ ಮಾತ್ರ ಓದು ಬಿಟ್ಟಿದ್ದಾಳೆ.

ಮಂಗಳವಾರ ಬಾಯಿಪರೀಕ್ಷೆ ಇತ್ತು. ಮೇಷ್ಟರು ಹಲಗೆಯ ಮೇಲೆ 'ಮಹದೇವ ಈಸ್ ರೀಡಿಂಗ್' ಎಂದು ಬರೆದು, ಗಟ್ಟಿಯಾಗಿ ಓದು ಅಂದರಂತೆ. ಲೋಕದಲ್ಲಿ ಬೇರೆ ಹೆಸರೇ ಇರಲಿಲ್ಲವೇ, ನಿಮ್ಮದೇ ಆಗಬೇಕಿತ್ತೇ! ಗಂಡನ ಹೆಸರನ್ನು ಅಕ್ಕ ಹೇಗೆ ಎತ್ತಿಯಾಳು? ಮನೆಯಲ್ಲಿ 'ಅವರು' ಅನ್ನುವ ಹಾಗೆಯೇ ತಲೆ ತಗ್ಗಿಸಿ 'ದೇ ಆರ್ ರೀಡಿಂಗ್' ಅಂದಳು. ಅದು ಗಂಡನ ಹೆಸರೆಂದು ತಿಳಿದ ಮೇಷ್ಟರು, "ಎಷ್ಟು ಜನಮ್ಮಾ ನಿನಗೆ ಗಂಡಂದಿರು?" ಅಂದರು. ಹುಡುಗಿಯರೆಲ್ಲ ನಕ್ಕರಂತೆ. ಅಕ್ಕ ಮನೆಗೆ ಬಂದವಳೇ ವ್ಯಾಕರಣದ ಪುಸ್ತಕವನ್ನು ಸೌದೆಯ ಪಕ್ಕ ಇಟ್ಟು ರಾಗಿ ಬೀಸುತ್ತ ಕೂತಳು.

ನಾನು ಬಿಡುತ್ತೇನೆಯೇ? ನಿನ್ನೆ ಶಾಲೆಗೇ ಹೋದೆ. "ಸಾ, ಇಂಗ್ಲಿಷಿನಲ್ಲಿ ಅಪ್ಪನಿಗೂ ಹೋರಿಕರುವಿಗೂ ಒಂದೇ ಏಕವಚನ. ನಾವು ಹಾಗೆ ಬೆಳೆದವರಲ್ಲ. ಅವರ 'ಎ', 'ದಿ' ನಮ್ಮಲ್ಲಿಲ್ಲ. ನಾವು ಕೊನೆಗೆ ಆಡುವ ಕ್ರಿಯಾಪದವನ್ನು ಅವರು ನಡುವೆಯೇ ಆಡಿ ಮುಗಿಸುತ್ತಾರೆ. ಕನ್ನಡದ ಹಾದಿಯಲ್ಲಿ ಪಳಗಿದ ಕಾಲು ಆ ಹಾದಿಯಲ್ಲಿ ಎಡವಿದರೆ ಅದು ದಡ್ಡತನವೇ?" ಅಂದೆ. ನನ್ನ ಕರಪತ್ರಗಳ ಗೀಳು ಬಲ್ಲ ಅವರು, "ಇದು ಯಾವ ಕರಪತ್ರದ್ದಪ್ಪಾ?" ಎಂದು ಹಂಗಿಸಿದರು. ಆದರೂ ನಾನು ಏಳಲಿಲ್ಲ. ಕೊನೆಗೆ, "ಸೋಮವಾರ ಅದೇ ವಾಕ್ಯ ಹೇಳಲಿ, ಪಾಸು ಮಾಡ್ತೀನಿ" ಅಂದರು. ಗೆದ್ದೆವು ಭಾವ! ಪಾಸಾದರೆ ಕಳಲೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕನೇ ಉಪಾಧ್ಯಾಯಿನಿ. ಇಲ್ಲವಾದರೆ ಓದು ಅಲ್ಲಿಗೇ ಮುಗಿಯಿತು.

ಆದರೆ ಅಕ್ಕ, "ಹೆಸರು ಹೇಳಿದ್ರೆ ಅವರ ಆಯಸ್ಸು ಕಡಿಮೆಯಾಗುತ್ತೆ ಕಣೋ" ಅನ್ನುತ್ತಾಳೆ. ಮೂಢನಂಬಿಕೆಯ ಮೇಲಿನ ಮೂರು ಕರಪತ್ರಗಳನ್ನು ಗಂಟಲು ಒಣಗುವವರೆಗೆ ಓದಿ ಹೇಳಿದೆ. ಎಲ್ಲವನ್ನೂ ಕೇಳಿ, "ಆಯ್ತಾ? ಮಜ್ಜಿಗೆ ಕುಡಿ" ಅಂದಳು.

ಅವ್ವನ ಆಶೀರ್ವಾದ ನಿಮ್ಮ ಮೇಲಿರಲಿ. ಅತ್ತೆಯವರಿಗೆ ನನ್ನ ಶರಣು ತಿಳಿಸಿ.

ನಿಮ್ಮ ಭಾವಮೈದುನ
ಚಿಕ್ಕಬಸಪ್ಪ

ಮರೆತ ಮಾತು: ಕಾಗದ ಮಡಿಸುತ್ತಿದ್ದಾಗ ಅಕ್ಕನೇ ಬಂದಳು. ಮದುವೆಯಾಗಿ ನಿಮ್ಮ ಮನೆ ಹೊಕ್ಕ ದಿನ ಹೆಂಗಸರು ಹೊಸ್ತಿಲಲ್ಲಿ ಅಡ್ಡಗಟ್ಟಿ, ಗಂಡನ ಹೆಸರು ಹೇಳದೆ ಒಳಗೆ ಬಿಡೆವು ಅಂದಿದ್ದರಲ್ಲ, ಆಗ ಹೇಳಿದ್ದಳಲ್ಲ! "ಹೊಸ್ತಿಲಲ್ಲಿ ಕೇಳಿದ್ರೆ ದೋಷ ಇಲ್ಲ. ಅವರೇ ಬಂದು ಅಡ್ಡ ನಿಲ್ಲಲಿ, ಇಡೀ ವಾಕ್ಯ ಇಂಗ್ಲಿಷಲ್ಲೇ ಹೇಳ್ತೀನಿ" ಅಂದಳು. ಪುಸ್ತಕ ಸೌದೆಯ ಪಕ್ಕದಿಂದ ಮತ್ತೆ ಅವಳ ಕೈಗೆ ಬಂದಿದೆ. ನನ್ನ ಕರಪತ್ರಗಳು ಪೆಟ್ಟಿಗೆ ಸೇರಿವೆ. ಭಾವ, ರಜೆ ಹಾಕಿ, ಗಾಡಿ ಕಟ್ಟಿಸಿ, ಬಂದುಬಿಡಿ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಶಾಲೆಯ ಹೊಸ್ತಿಲಲ್ಲಿ.