ಬಯಲುದನಿಗೆ ಬೆಲೆ ಕಟ್ಟಿದ್ದು

ಗದಗ,
ಹದಿಮೂರನೇ ತಿಂಗಳ ಮೂವತ್ನಾಲ್ಕನೇ ತಾರೀಖು, ಇಸವಿ ೨೨೪೧

ಸಮಾರಂಭಗಳಿಗೆ ಮೈಕ್ ಸೆಟ್ ಹಾಕುವ ಹಿರಿಯರಿಗೂ, ಅದರ ಬಾಡಿಗೆಗೆ ಚೌಕಾಸಿ ಮಾಡುವ ಹಿರಿಯರಿಗೂ ದಾನಮ್ಮ ಕೋಟುಮಚಗಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಪಂಚಾಂಗಕ್ಕೆ ಒಂದು ತಿಂಗಳೂ, ಆ ತಿಂಗಳಿಗೆ ಕೆಲವು ದಿನಗಳೂ ಹೆಚ್ಚಿಗೆ ಬಂದಿವೆ. ಏಕೆಂದು ಕೇಳಿದರೆ ನಮ್ಮಲ್ಲೂ ಯಾರೂ ಸರಿಯಾಗಿ ಹೇಳುವುದಿಲ್ಲ. ನಿಮ್ಮ ಕಾಲದ ಕನ್ನಡದಲ್ಲೇ ಬರೆಯಲು ಪ್ರಯತ್ನಿಸಿದ್ದೇನೆ. ನಡುವೆ ನಮ್ಮ ಕಾಲದ ಮಾತುಗಳು ನುಸುಳಿದರೆ ಕ್ಷಮಿಸಬೇಕು. ಈ ಪತ್ರ ಹಿಂದಿನ ಕಾಲಕ್ಕೆ ಹೇಗೆ ಹೋಗುತ್ತದೆಂದು ಅಂಚೆಯವರು ತಿಳಿಸಲಿಲ್ಲ, ದರ ಮಾತ್ರ ತಿಳಿಸಿದರು.

ನಮ್ಮ ಕಾಲದಲ್ಲಿ ಎಲ್ಲರ ಕಿವಿಯಲ್ಲೂ ಜೋಳದ ಕಾಳಿನಷ್ಟು ದೊಡ್ಡ ಕಿವಿಮಣಿ ಇರುತ್ತದೆ. ವೇದಿಕೆಯ ಮೇಲೆ ಒಬ್ಬರು ಪಿಸುಗುಟ್ಟಿದರೆ ಸಾಕು, ಮಾತು ನೆಟ್ಟಗೆ ಮಣಿಗೆ ಬಂದು ಬೀಳುತ್ತದೆ. ಸಾವಿರ ಜನ ಸೇರಿದ ಮದುವೆಯಲ್ಲೂ ಕೇಳುವುದು ಸಾರಿನ ಸೌಟಿನ ಸದ್ದೊಂದೇ. ಮಣಿಯೊಳಗೆ ‘ಕತ್ತರಿ’ ಎಂಬ ಏರ್ಪಾಡೂ ಇದೆ. ಭಾಷಣಕಾರರು ಎಷ್ಟು ಹೊತ್ತು ತುಟಿ ಆಡಿಸಿದರೂ ಅದು ಎರಡು ವಾಕ್ಯಕ್ಕೆ ಇಳಿಸಿ ಕೇಳಿಸುತ್ತದೆ. ಪಾಪ, ಅವರಿಗೆ ಇದು ಗೊತ್ತಿಲ್ಲ, ಯಾರೂ ಹೇಳುವುದಿಲ್ಲ.

ಇಂಥ ಕಾಲದಲ್ಲಿ ನಾನೂ ನನ್ನ ಗಂಡ ಫಕೀರಪ್ಪನೂ ಇದ್ದ ಕೆಲಸ ಬಿಟ್ಟು, ನಿಮ್ಮ ಕಾಲದ ನಕ್ಷೆಗಳನ್ನು ನೋಡಿ, ಗಾಳಿಗೆ ಮಾತು ಬಿಡುವ ದೊಡ್ಡ ಪೆಟ್ಟಿಗೆಗಳನ್ನು ಕಟ್ಟಿದೆವು. ‘ಬಯಲುದನಿ’ ಎಂದು ಹೆಸರಿಟ್ಟು ಅಂಗಡಿ ತೆರೆದೆವು. ಬಹಳ ದಿನ ಯಾರೂ ಬರಲಿಲ್ಲ. ಇನ್ನು ಬೀಗ ಹಾಕಿ ಹಳೆಯ ಕೆಲಸಕ್ಕೇ ಹೋಗುವುದೆಂದು ಇಬ್ಬರೂ ಮಾತಾಡಿಕೊಂಡಿದ್ದಾಗ ಮೊದಲ ಗಿರಾಕಿ ಒಳಗೆ ಬಂದರು. ಅವರು ಶಿವಪುತ್ರಪ್ಪ ಕಡ್ಲಿ, ಎಣ್ಣೆ ಗಾಣದ ಮಾಲೀಕರು.

ಅವರ ತಾಯಿ ನೀಲಗಂಗವ್ವನಿಗೆ ನೂರು ತುಂಬುತ್ತಿತ್ತು. ಆಕೆ ಮಣಿ ಹಾಕಿಸಿಕೊಂಡವಳೇ ಅಲ್ಲ. ಸಮಾರಂಭಗಳಲ್ಲಿ ಎಲ್ಲರ ತುಟಿ ಅಲ್ಲಾಡುವುದನ್ನು ನೋಡುತ್ತ ಸುಮ್ಮನೆ ಕೂರುತ್ತಿದ್ದಳು.

“ಅವ್ವನ ಬಗ್ಗೆ ಮಂದಿ ನಾಕ ಒಳ್ಳೆ ಮಾತ ಆಡ್ತಾರಲ್ರೀ, ಅದು ಆಕಿಗೂ ಕೇಳಸ್ಲಿ,” ಎಂದರು ಶಿವಪುತ್ರಪ್ಪ. “ಎಷ್ಟ್ ತಗೋತೀರಿ?”

ಪೆಟ್ಟಿಗೆ ಕಟ್ಟುವುದು ಹೇಗೆಂದು ಕಲಿತಿದ್ದೆವು, ದರ ಕಟ್ಟುವುದನ್ನು ಕಲಿತಿರಲಿಲ್ಲ. ಅವರನ್ನು ಕೂರಿಸಿ ಇಬ್ಬರೂ ಹಿತ್ತಲಿಗೆ ಹೋದೆವು.

“ಹೊರಾಂವ ನಾನು. ತೂಕಕ್ಕ ರೇಟ್ ಹಚ್ಚೋಣು,” ಎಂದ ಫಕೀರಪ್ಪ.

“ಅದೇನ್ ಈರುಳ್ಳಿ ಐತೇನು? ತಾಸಿನ ಲೆಕ್ಕಾ ಹಿಡಿಯೋಣು,” ಎಂದೆ ನಾನು.

ಕೊನೆಗೆ ತಾಸಿಗೆ ಮೂರು ಗಡಿಗೆ ಎಂದು ಹೇಳಿದೆ. ಗಡಿಗೆ ಅಂದರೆ ಮಣ್ಣಿನದಲ್ಲ. ಕೂಡಿಟ್ಟ ಬಿಸಿಲಿನ ಅಳತೆ, ನಮ್ಮ ಕಾಲದ ರೊಕ್ಕ ಅದೇ. ಶಿವಪುತ್ರಪ್ಪ ಎದೆ ಮೇಲೆ ಕೈ ಇಟ್ಟುಕೊಂಡರು. ಸಣ್ಣ ದನಿಯಲ್ಲಿ ಹಚ್ಚಿದರೆ ಅರ್ಧ ರೇಟಿಗೆ ಆಗುತ್ತದೇನು ಎಂದು ಕೇಳಿದರು. ಬಹಳ ಜಗ್ಗಾಟದ ಮೇಲೆ ಎರಡು ಗಡಿಗೆಗೆ ಬಂದು ನಿಂತಿತು. “ಎರಡ ತಾಸಿನ್ಯಾಗ ಮುಗಸ್ತೀವಿ,” ಎಂದು ಎದ್ದು ಹೋದರು.

ಸಮಾರಂಭದ ದಿನ ಮೊದಲು ಮೈಕು ಹಿಡಿದವರು ಶಿವಪುತ್ರಪ್ಪನವರ ಸೋದರಮಾವ ಮುದುಕಪ್ಪನವರು. ‘ಪೂಜ್ಯರೇ’ ಎಂದರು. ಅದು ಎದುರಿನ ಗೋಡೆಗೆ ಬಡಿದು ‘ಪೂಜ್ಯರೇ’ ಎಂದು ತಿರುಗಿ ಬಂತು. ಮುದುಕಪ್ಪನವರ ಮುಖ ಅರಳಿತು. ತಮ್ಮ ದನಿ ಇಷ್ಟು ದೊಡ್ಡದೆಂದು ಅವರಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಬಯಲಿನ ಮಾತಿಗೆ ಕತ್ತರಿಯೂ ಇಲ್ಲ! ನೀಲಗಂಗವ್ವನನ್ನು ಬಿಟ್ಟು ತಮ್ಮ ಮೊಣಕಾಲಿನ ಆಪರೇಷನ್ನು, ತಾವು ಗೆಲ್ಲಬೇಕಾಗಿದ್ದ ಸೊಸೈಟಿ ಚುನಾವಣೆ ಎಲ್ಲವನ್ನೂ ಹೇಳಿದರು. ಅವರ ಹಿಂದೆ ಇನ್ನೂ ಏಳೆಂಟು ಜನ ಸರದಿ ನಿಂತರು. ಎರಡು ತಾಸು ಎಂದೋ ದಾಟಿತು. ಒಬ್ಬರಿಗೆ ಗಂಟಲು ಕಟ್ಟಿತೆಂದು ನಾನು ನೀರು ಕೊಟ್ಟಿದ್ದೇ ತಪ್ಪಾಯಿತು.

ಶಿವಪುತ್ರಪ್ಪ ಓಡಿ ಬಂದರು. “ತಾಸು ಬೆಳೀಲಿ ಅಂತ ನೀರ ಕೊಟ್ಟ ಮಾತಾಡ್ಸಾಕತ್ತೀರೇನು? ಮೊದ್ಲ ಬಂದ್ ಮಾಡ್ರಿ!”

ನನಗೆ ಮುಖ ಸುಟ್ಟಂತಾಯಿತು. ತಾಸಿನ ಲೆಕ್ಕ ಹಿಡಿದ ಮೇಲೆ ಹಾಗೆ ಅನ್ನಿಸಿಕೊಳ್ಳುವುದು ತಪ್ಪುವುದಿಲ್ಲ ಎಂದು ಹೊಳೆದದ್ದು ಆಗ. ಗುಂಡಿ ಒತ್ತಲು ಕೈ ಚಾಚಿದೆ. ಅಷ್ಟರಲ್ಲಿ ನೀಲಗಂಗವ್ವ ಕೋಲೂರಿಕೊಂಡು ಎದ್ದು, ಭಾಷಣಕಾರರ ಕೈಯಿಂದ ಮೈಕು ಕಸಿದುಕೊಂಡಳು.

“ಇಷ್ಟ್ ವರ್ಷ ನೀವೆಲ್ಲಾ ತುಟಿ ಅಲ್ಲಾಡಸೋದು ನೋಡಿ, ಏನೋ ಭಾರೀ ಮಾತಾಡ್ಲಿಕತ್ತಾರ, ನನಗಷ್ಟ ತಪ್ಪತೈತಿ ಅಂತ ಸಂಕಟ ಪಟ್ಟೆ,” ಎಂದಳು. “ಇದನ್ನ ಮಾತಾಡ್ತಿದ್ರೇನ್ರೋ?”

ಸಭೆ ನಕ್ಕಿತು. ಮುದುಕಪ್ಪನವರೂ ನಕ್ಕರು. ಶಿವಪುತ್ರಪ್ಪ ಮತ್ತೆ ನನ್ನ ಕಡೆ ನೋಡಿದರು.

“ಲೆಕ್ಕಾ ಎರಡ ತಾಸಿಗೇ ನಿಂತೈತ್ರಿ. ಅಮ್ಮಾರು ಮಾತಾಡ್ಲಿ,” ಎಂದೆ.

ಅಜ್ಜಿ ಸಂಜೆಯವರೆಗೆ ಮಾತಾಡಿದಳು. ತನ್ನ ಗಂಡ ಬೆಲ್ಲ ಕದ್ದು ತಿಂದು ಸಿಕ್ಕಿಬಿದ್ದದ್ದು, ಶಿವಪುತ್ರಪ್ಪ ಮೊದಲ ಸಲ ಶಾಲೆಗೆ ಹೋಗುವಾಗ ಎಮ್ಮೆಯ ಕೊರಳು ಬಿಡದೆ ಅತ್ತದ್ದು. ಆ ಮಗ ಮುಂದಿನ ಸಾಲಿನಲ್ಲಿ ಕೂತು, ತಾಯಿಯ ದನಿ ಬಯಲಲ್ಲಿ ಹಬ್ಬುವುದನ್ನು ಕೇಳುತ್ತ ಕಣ್ಣೊರೆಸಿಕೊಂಡರು.

ಮರುದಿನವೇ ಅಂಗಡಿಯ ಬಾಗಿಲಿಗೆ ಹಲಗೆ ತೂಗುಹಾಕಿದೆವು: ಒಂದು ಕಾರ್ಯಕ್ರಮಕ್ಕೆ ಹತ್ತು ಗಡಿಗೆ, ಗಡಿಯಾರ ನೋಡುವುದಿಲ್ಲ, ಚೌಕಾಸಿ ಇಲ್ಲ. ಹೊರುವುದು, ಕಟ್ಟುವುದು, ಬಿಚ್ಚುವುದು, ಫಕೀರಪ್ಪನ ಸೊಂಟ ಎಲ್ಲವೂ ಅದರಲ್ಲೇ ಸೇರಿತ್ತು. ಜನ ಹಲಗೆ ಓದಿ, ತಲೆ ಅಲ್ಲಾಡಿಸಿ ಮುಂದೆ ಹೋದರು. ಒಂದು ವಾರ ಕಳೆದ ಮೇಲೆ ಒಳಗೆ ಬಂದವಳು ನೀಲಗಂಗವ್ವನೇ.

“ನೂರಾ ಒಂದ ತುಂಬೋತನಾ ತಡೀಲಿಕ್ಕೆ ಆಗೂದಿಲ್ಲವ್ವಾ, ಬರೋ ಸೋಮವಾರನ ಕಾರ್ಯಕ್ರಮ ಇಡ್ತೀನಿ. ಈ ಸಲ ನಾ ಒಬ್ಬಾಕಿನ ಮಾತಾಡ್ತೀನಿ. ಕಡಿಮಿ ಮಾಡು.”

ಆಕೆಯ ಮೇಲೆ ನನಗೆ ಎಷ್ಟು ಪ್ರೀತಿಯೆಂದರೆ ಪುಕ್ಕಟೆ ಹಾಕಿಬಿಡುತ್ತಿದ್ದೆ. ಫಕೀರಪ್ಪ ಹಿಂದಿನಿಂದ ಕೆಮ್ಮಿದ. “ಹತ್ತು, ಅವ್ವಾ,” ಎಂದೆ. ಬೈದುಕೊಂಡೇ ಕೊಟ್ಟು ಹೋದಳು.

ಸೋಮವಾರ ಮೈಕು ಹಿಡಿದವಳೇ ಮೊದಲು ಹೇಳಿದ್ದು ಇದು: “ಈ ದಾನವ್ವ ಭಾರೀ ಜೀನಿ ಅದಾಳ. ನೂರ ವರ್ಷದ ಮುದಕಿಗೆ ಒಂದ ಗಡಿಗಿ ಬಿಡ್ಲಿಲ್ಲ!”

ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ ಪಕ್ಕದ ಬೆಟಗೇರಿಯ ಮಾಳಿಗೆಗಳ ಮೇಲೆಲ್ಲ ಜನ ಬಂದು ನಿಂತರು. ಮರುದಿನ ಬೆಳಗ್ಗೆ ಅಂಗಡಿಯ ಮುಂದೆ ಸರದಿ ಇತ್ತು. “ನಿನ್ನೆ ನಿಮ್ಮನ್ನ ಬೈದ್ರಲ್ರೀ, ಅದ ಪೆಟ್ಟಿಗಿ ಬೇಕು,” ಎಂದರು ಎಲ್ಲರೂ. ಚೌಕಾಸಿ ಯಾರೂ ಮಾಡಲಿಲ್ಲ. ಫಲವಿಲ್ಲವೆಂದು ಊರಿಗೇ ಗೊತ್ತಾಗಿತ್ತು.

ಹಿರಿಯರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಮೈಕಿನವರು ದರ ಹೇಳಿದಾಗ ಎದೆ ಮೇಲೆ ಕೈ ಇಟ್ಟುಕೊಳ್ಳಬೇಡಿ. ಮೈಕಿನವರೇ, ಅವರು ಇಟ್ಟುಕೊಂಡರೆ ನೀವು ಬೇರೆ ಕಡೆ ನೋಡಿ. ಅಂಚೆಯವರು ಅಕ್ಷರದ ಲೆಕ್ಕದಲ್ಲಿ ದರ ಹಿಡಿಯುತ್ತಾರೆ, ಕೊಟ್ಟ ಗಡಿಗೆ ಮುಗಿಯಿತು, ಹೀಗಾಗಿ ಇಲ್ಲಿಗೇ