ಇನ್ನೊಬ್ಬರು ಉಸಿರಾಡಿದ ಡಬ್ಬಿ

ಕೊಳ್ಳೇಗಾಲ
೨೪-೧-೧೯೭೧, ಭಾನುವಾರ

ಚೌಡೇಶನ ಅಪ್ಪನವರಿಗೆ, ದೇವೀರಮ್ಮನ ನಮಸ್ಕಾರ.

ಆ ಡಬ್ಬಿ ಎಂಜಲು ಎಂದು ಮೊದಲು ಅಂದವರು ಅತ್ತೆಯೋ ನಾನೋ ಎಂಬುದು ಈಗ ಮಸುಕಾಗಿದೆ. ನೀವು ನೌಕಾಪಡೆಯ ಕೆಲಸ ಮುಗಿಸಿ ಕೊಚ್ಚಿಯಿಂದ ಬಂದ ದಿನ, ಆ ದುಂಡು ಹಿತ್ತಾಳೆಯ ಡಬ್ಬಿಯನ್ನು ಅದರ ಎರಡು ರಬ್ಬರ್ ಕೊಳವೆಗಳ ಸಮೇತ ಜಗಲಿಯ ಮೇಲಿಟ್ಟಿರಿ. ಇದು ರೆಗ್ಯುಲೇಟರ್, ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಬೇಕಾದಷ್ಟೇ ಬಿಡುತ್ತದೆ, ಯಾರೋ ಬಳಸಿದ್ದು ಅಗ್ಗಕ್ಕೆ ಸಿಕ್ಕಿತು ಎಂದಿರಿ. "ಯಾವನೋ ಕಚ್ಚಿದ್ ರಬ್ಬರ ಬಾಯಿಗಿಕ್ಕಂಡೀಯಲ್ಲ ಮಗ, ಒಸದು ಸಿಗ್ಲಿಲ್ವಾ?" ಎಂದು ಅತ್ತೆ ಕೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ. ನೀವು ನಕ್ಕು, ಸಮುದ್ರದ ಉಪ್ಪುನೀರಲ್ಲಿ ತೊಳೆದದ್ದಕ್ಕೆ ಎಂಜಲಿಲ್ಲ ಅವ್ವ, ಎಂದಿರಿ. ಮನೆಯಲ್ಲಿ ಅದಕ್ಕೆ ಉಸಿರು ಡಬ್ಬಿ ಎಂಬ ಹೆಸರು ಅಂದೇ ನಿಂತಿತು.

ಇಷ್ಟು ವರ್ಷ ಕಾಗದ ಬರೆಯುತ್ತಿದ್ದವನು ಚೌಡೇಶ. ಈ ಸಲ ಅವನ ಕೈಯಿಂದ ಪೆನ್ನು ತೆಗೆದುಕೊಂಡಿದ್ದೇನೆ. ನವೆಂಬರಿನಲ್ಲಿ ನೀವು ಅವನಿಗೆ ಬರೆದದ್ದನ್ನು ನಾನೂ ಓದಿದೆ. ಹೊಸ ರೆಗ್ಯುಲೇಟರ್ ಸಿಗುವವರೆಗೆ ಕೆರೆಗೆ ಇಳಿಯಬೇಡ, ಹಳೆಯದನ್ನು ನಂಬಿ ನಾನೊಬ್ಬ ಕೆಟ್ಟದ್ದು ಸಾಕು, ಎಂದು ಬರೆದಿದ್ದಿರಿ. ಆ ಮಾತನ್ನು ನಾವು ಮೀರಿದ್ದೇವೆ. ಹಳೆಯದನ್ನೇ ಕೊಂಡೆವು. ಮೊನ್ನೆ ಗುರುವಾರ ನಿಮ್ಮ ಮಗ ಬಂಡಳ್ಳಿ ಕಡೆಯ ಕೆರೆಗೆ ಇಳಿದು, ತೂಬು ಬಿಡಿಸಿ, ತನ್ನ ಕಾಲಮೇಲೆ ತಾನು ಏರಿ ದಡಕ್ಕೆ ಬಂದ. ಮೊದಲು ಇಷ್ಟನ್ನು ಬರೆದುಬಿಡುತ್ತೇನೆ. ಮುಂದಿನದನ್ನು ನಿಧಾನವಾಗಿ ಓದಿ.

ಹೊಸದಕ್ಕೆ ಪ್ರಯತ್ನಿಸಲಿಲ್ಲ ಎಂದುಕೊಳ್ಳಬೇಡಿ. ಚೌಡೇಶ ಮುಂಬಯಿಗೆ ಎರಡು ಸಲ ಬರೆದ. ಹೊರದೇಶದಿಂದ ತರಿಸಬೇಕು, ಸರ್ಕಾರದ ಪರವಾನಗಿ ಬೇಕು, ವರ್ಷದ ಮೇಲಾಗಬಹುದು ಎಂದು ಉತ್ತರ ಬಂತು. ಇತ್ತ ಕೆರೆ ತುಂಬಿ ನಿಂತಿತ್ತು. ಮರದ ದಿಮ್ಮಿಯೊಂದು ಬಂದು ಕೂತು ತೂಬಿನ ಬಾಗಿಲು ಏಳದೆ, ಕೆಳಗಿನ ಗದ್ದೆಗಳಲ್ಲಿ ಪೈರು ಒಣಗುತ್ತಿತ್ತು. ನೀರುಗಂಟಿ ಬಸವಣ್ಣ ಒಂದು ಉಸಿರಿಗೆ ಮುಟ್ಟುವ ಆಳ ಅಲ್ಲ ಅದು. ಜನವರಿ ಮುಗಿಯುವುದರೊಳಗೆ ಆಗದಿದ್ದರೆ ಬೇರೆ ಕಡೆಯಿಂದ ಮುಳುಗುವವರನ್ನು ಕರೆಸುತ್ತೇವೆ ಎಂದು ಎಂಜಿನಿಯರು ಹೇಳಿದ್ದರು. ಇದು ಚೌಡೇಶನ ಮೊದಲನೆಯ ಕೆಲಸ. ಅದೇ ಕೆರೆಯಿಂದ ಹಗ್ಗ ಕಟ್ಟಿ ಎಳೆಸಿಕೊಂಡವನ ಮಗ ಎಂಬ ಹೆಸರು ಆ ಊರಲ್ಲಿ ಅವನಿಗೆ ಮೊದಲೇ ಇದೆ. ಅಂಥವನಿಗೆ ಎರಡನೆಯ ಸಲ ಯಾರೂ ಅವಕಾಶ ಕೊಡುವುದಿಲ್ಲ.

ಜರಿ ತರಲು ಮದರಾಸಿಗೆ ಹೋದ ನನ್ನ ತಮ್ಮ ಮಾದಯ್ಯನಿಗೆ ಹೇಳಿ ಕಳಿಸಿದ್ದೆವು. ಹಿಂದೆ ಶಂಖ ತೆಗೆಯಲು ಮುಳುಗುತ್ತಿದ್ದ ಒಬ್ಬ ಮುದುಕ ತನ್ನ ಡಬ್ಬಿಯನ್ನು ಮಾರಲು ಇಟ್ಟಿದ್ದನಂತೆ. ಮಾದಯ್ಯ ಅದನ್ನು ರೇಷ್ಮೆ ಲಡಿಗಳ ನಡುವೆ ಸುತ್ತಿ ತಂದ. ಇಳಿಸುತ್ತಲೇ ಮಾತು ಶುರು. "ಎಣ್ಣು ನೋಡಾಕೆ ಓದ್ರೂ ಇಷ್ಟು ಪ್ರಶ್ನೆ ಕೇಳಾಕಿಲ್ಲ ಕಣಕ್ಕ ಆ ಮುದ್ಕ. ಯಾರು ಮುಳುಗೋದು, ಎಷ್ಟು ವಯಸ್ಸು, ಈಜು ಕಲಿಸ್ದೋರ್ಯಾರು, ಎಲ್ಲಾ ಕೇಳ್ದ. ನಮ್ ಭಾವ ನೇವಿಯೋರು ಅಂದ್ಮೇಲೆ ಕೊಟ್ಟ." ಹಳೆಯ ಹಿತ್ತಾಳೆಗೆ ಹೆದರಬೇಡಿ ಎಂದನಂತೆ ಮುದುಕ. ಹಿತ್ತಾಳೆ ಸಾಯುವುದಿಲ್ಲ, ಸಾಯುವುದು ರಬ್ಬರು. ಅದನ್ನು ಬದಲಾಯಿಸಿದರೆ ಹಳೆಯದು ಹೊಸದರಷ್ಟೇ ಸರಿ ಎಂದು ಹೇಳಿ, ಹೊಸ ರಬ್ಬರುಗಳನ್ನೂ ಜೊತೆಗೆ ಕಟ್ಟಿ ಕೊಟ್ಟಿದ್ದ.

ಆಮೇಲೆ ಮಾದಯ್ಯ ಕೈ ತೊಳೆಯುತ್ತಾ, ಏನೂ ಅಲ್ಲವೆಂಬಂತೆ, ಇನ್ನೊಂದು ಮಾತು ಹೇಳಿದ. "ಎಣ್ಣೆ ಮಾತ್ರ ತಾಕಿಸ್ಬ್ಯಾಡಿ ಅಂದ ಕಣಕ್ಕ. ಎಣ್ಣೆ ಬಿದ್ರೆ ರಬ್ಬರು ಊದ್ಕಂಡು ಅಂಟ್ಕತದಂತೆ. ಮೊದಮೊದಲು ಮೆತ್ತಗೆ ಚೆನ್ನಾಗೇ ಇರ್ತದಂತೆ, ಆಮೇಕೆ ಒಂದಿನ ನೀರೊಳಗೆ ಗಾಳಿನೇ ಬರಾಕಿಲ್ವಂತೆ."

ನಾನು ಮಗ್ಗದ ಮೇಲೆ ಕೂತಿದ್ದೆ. ಕೈ ನಿಲ್ಲಲಿಲ್ಲ. ಇನ್ನೂ ಒಂದು ಗೇಣು ನೇಯ್ದೆ. ಆ ಗೇಣನ್ನು ಆಮೇಲೆ ನೋಡಿದರೆ ಎಲ್ಲೂ ಒಂದು ಎಳೆ ತಪ್ಪಿರಲಿಲ್ಲ. ಅದು ಹೆಮ್ಮೆಯ ಸಂಗತಿಯೋ ನಾಚಿಕೆಯದೋ ನನಗೆ ತಿಳಿಯದು.

ನಿಮಗೆ ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ಅಮಾವಾಸ್ಯೆಯ ದಿನ ನಾವು ನೇಯುವುದಿಲ್ಲ. ಮಗ್ಗ ಒರೆಸಿ, ಲಾಳಿಯನ್ನು ತಳ್ಳುವ ತೊಗಲಿಗೆ ಹುಚ್ಚೆಳ್ಳೆಣ್ಣೆ ಕುಡಿಸುತ್ತೇವೆ. ಹೊಸ ತೊಗಲು ಬಿರುಸು, ಲಾಳಿಯನ್ನು ಒದೆಯುತ್ತದೆ. ನಾಲ್ಕು ಅಮಾವಾಸ್ಯೆ ಎಣ್ಣೆ ಕುಡಿದ ಹಳೆಯ ತೊಗಲು ಲಾಳಿಯನ್ನು ಮಗುವಿನ ಹಾಗೆ ಕಳಿಸಿಕೊಡುತ್ತದೆ. ನಮ್ಮ ಬೀದಿಯಲ್ಲಿ ಹಳೆಯ ಮಗ್ಗಕ್ಕೆ ಇರುವ ಬೇಡಿಕೆ ಹೊಸದಕ್ಕಿಲ್ಲ. ನೀವು ಹಳೆಯ ಡಬ್ಬಿ ತಂದಾಗ ನನಗೆ ಅದು ತಪ್ಪೆಂದು ಅನಿಸಲೇ ಇಲ್ಲ. ಜಾಣತನವೆಂದೇ ತೋರಿತು. ನೀವು ಒಮ್ಮೆ ಅದನ್ನು ಬಿಚ್ಚಿ ಒಳಗಿನ ತೆಳು ರಬ್ಬರನ್ನು ಚೌಡೇಶನಿಗೆ ತೋರಿಸುತ್ತಿದ್ದಿರಿ. ನಾನು ಬಾಗಿಲಲ್ಲಿ ನಿಂತು ನೋಡಿಕೊಂಡೆ. ಆಮೇಲೆ ಐದು ಅಮಾವಾಸ್ಯೆ, ನೀವು ಹೊರಗೆ ಹೋದಾಗ, ಮಗ್ಗದ ತೊಗಲಿಗೆ ಕೊಟ್ಟ ಹಾಗೆಯೇ ಆ ರಬ್ಬರಿಗೂ ಎಣ್ಣೆ ಕೊಟ್ಟೆ. ಹತ್ತಿಯಲ್ಲಿ ಅದ್ದಿ, ಸವರಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ಮುಚ್ಚಿಡುತ್ತಿದ್ದೆ. ನಿಮ್ಮ ಉಸಿರಿನ ದಾರಿ ನನ್ನ ಕೈಯಲ್ಲಿ ಮೆತ್ತಗಾಗುತ್ತಿದೆ ಎಂಬುದು ನನ್ನ ಗುಟ್ಟಿನ ಸುಖವಾಗಿತ್ತು.

ಯಳಂದೂರಿನ ಬಾವಿಗೆ ಬಿದ್ದ ಪಂಪು ಎತ್ತಿ ಬಂದ ಸಂಜೆ ನೀವು, ಈ ಹಳೆಯದು ದಿನಕಳೆದಂತೆ ಹೂವಾಗುತ್ತಿದೆ, ಎಂದಿರಿ. ನಾನು ಮುದ್ದೆ ತಿರುವುತ್ತಿದ್ದೆ. ಹೇಳಬಹುದಿತ್ತು. ಹೇಳದೆ ಇದ್ದುದರಲ್ಲೇ ಹೆಚ್ಚು ರುಚಿಯಿತ್ತು.

ಮುಂದಿನ ತಿಂಗಳು ಇದೇ ಕೆರೆ. ನೀರಿನೊಳಗೆ ಗಾಳಿ ನಿಂತು, ಬಸವಣ್ಣ ಹಗ್ಗ ಜಗ್ಗಿ ನಿಮ್ಮನ್ನು ಏರಿಯ ಮೇಲೆ ಮಲಗಿಸಿದ. ಜಮೀನುದಾರ ಗುರುಮಲ್ಲಪ್ಪನವರು, "ನೇವಿಯೋರು ಸಮುದ್ರ ಎಲ್ಲಾ ಕುಡ್ದು ಸಾಲ್ದೆ ನಮ್ ಕೆರೆಗೂ ಬಾಯಾಕವ್ರೆ ಕಣ್ರಪ್ಪ" ಎಂದರು. ಇನ್ನೂರು ಜನ ನಕ್ಕರು. ಮನೆಗೆ ಬಂದ ಮೇಲೆ ಕೇಳಿದವರಿಗೆಲ್ಲ ನೀವು ಆಡಿದ್ದು ಎರಡೇ ಮಾತು: ಹಳೇ ಮಾಲು. ಹದಿನೈದು ದಿನಕ್ಕೆ ಕೊಚ್ಚಿಯ ಬಸ್ಸು ಹತ್ತಿದಿರಿ. ಬಂದರಿನಲ್ಲಿ ಕೆಲಸ ಸಿಕ್ಕಿತೆಂದು ಬರೆದಿರಿ. ರಜೆಯಲ್ಲಿ ಮಗನನ್ನು ಕರೆಸಿಕೊಂಡು ವಿದ್ಯೆ ಕಲಿಸಿದಿರಿ. ನನ್ನನ್ನು ಕರೆಯಲಿಲ್ಲ, ನಾನೂ ಬರುತ್ತೇನೆ ಎನ್ನಲಿಲ್ಲ. ಕೊಳ್ಳಲು ಬಾರದ ಗಂಡಸು ಎಂದು ಊರು ಆಡಿಕೊಂಡದ್ದನ್ನು ಏಳು ವರ್ಷ ಕೇಳಿದೆ. ಒಂದೊಂದು ಸಲ ನಾನೂ ಹಾಗೇ ಅಂದುಕೊಂಡೆ.

ಮಾದಯ್ಯನ ಮಾತು ಕೇಳಿದ ಮೇಲೆ ನನಗೆ ಎರಡು ದಾರಿ ಇತ್ತು. ಹೊಸದಕ್ಕೆ ಕಾಯೋಣ ಎಂದು ಚೌಡೇಶನಿಗೆ ಹೇಳಿದ್ದರೆ ನಿಮ್ಮ ಮಾತೂ ಉಳಿಯುತ್ತಿತ್ತು, ನನ್ನ ಗುಟ್ಟೂ ಉಳಿಯುತ್ತಿತ್ತು. ಅವನನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅವನು ಮಾದಯ್ಯ ತಂದ ಡಬ್ಬಿಯನ್ನು ಎತ್ತಿ ಕೈಯಲ್ಲಿ ತಿರುಗಿಸಿ ನೋಡಿದ. ಆಮೇಲೆ, "ಅಂಗಾರೆ ಅಪ್ಪ ತಂದಿದ್ದು ಒಳ್ಳೇ ಮಾಲೇ ಅಲ್ವೇನವ್ವ?" ಎಂದ. ಆ ಮಾತಿನಲ್ಲಿ ನನ್ನ ಮೇಲಿನ ಸಿಟ್ಟಿಗಿಂತ ಬೇರೆಯದೇ ಏನೋ ಇತ್ತು. ಹುಡುಗ ಏಳು ವರ್ಷದಿಂದ ಬಗ್ಗಿಸಿಕೊಂಡಿದ್ದ ಕತ್ತನ್ನು ಎತ್ತಿದ ಹಾಗಿತ್ತು. ಹಳೆಯದರಲ್ಲೇ ಇಳಿಯುತ್ತೇನೆ ಎಂದು ಅವನೇ ಹೇಳಿದ.

ಕಣ್ಣುಮುಚ್ಚಿ ಇಳಿಸಲಿಲ್ಲ. ರಬ್ಬರೆಲ್ಲ ಹೊಸದು ಹಾಕಿ, ಯಳಂದೂರಿನಲ್ಲಿ ಕೆಂಪನಂಜಪ್ಪನವರ ದೊಡ್ಡ ಬಾವಿಯಲ್ಲಿ ಮೂರು ದಿನ ಮುಳುಗಿ ನೋಡಿದ. ನಾನು ಮೆಟ್ಟಿಲ ಮೇಲೆ ಕೂತು ಏಳುವ ಗುಳ್ಳೆಗಳನ್ನು ಎಣಿಸಿದೆ. ಮೂರನೆಯ ದಿನ ಗುಳ್ಳೆಗಳು ಒಳ್ಳೆಯ ನೇಕಾರನ ಲಾಳಿಯ ಹಾಗೆ ಒಂದೇ ಸಮ ಬಂದವು. ನಾಳೆ ಹೋಗೋಣ ಎಂದೆ.

ಗುರುವಾರ ಏರಿಯ ಮೇಲೆ ಅದೇ ಜನ, ಏಳು ವರ್ಷ ಮುದಿಯಾಗಿ. ಹಗ್ಗ ನಾನು ಹಿಡಿಯುತ್ತೇನೆ ಎಂದಾಗ ಬಸವಣ್ಣ ನನ್ನ ಮುಖ ನೋಡಿ ಕೊಟ್ಟುಬಿಟ್ಟ. ಗುರುಮಲ್ಲಪ್ಪನವರಿಗೆ ಸೇರಲಿಲ್ಲ. "ಎಂಗಸ್ರು ಇಡಿಯೋ ಅಗ್ಗವೇನವ್ವ ಇದು?" ಎಂದರು.

"ದಿನಾ ನಾಕು ಸಾವ್ರ ಎಳೆ ನೋಡ್ಕತೀನಿ ಸಾವ್ಕಾರ್ರೆ. ಇವತ್ತು ಒಂದೇ ಎಳೆ," ಎಂದೆ. ಯಾರೋ ಹಿಂದಿನಿಂದ ನಕ್ಕರು. ಈ ಸಲ ನಮ್ಮನ್ನು ನೋಡಿ ನಕ್ಕದ್ದಲ್ಲ.

ಒಳಗೆ ಅವನು ಗರಗಸ ಆಡಿಸುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಒಮ್ಮೆ ಹಗ್ಗ ಪೂರ್ತಿ ಸಡಿಲವಾಯಿತು. ಎಳೀರಿ, ಎಳೀರಿ ಎಂದು ಜನ ಕೂಗಿದರು. ನಾನು ಎಳೆಯಲಿಲ್ಲ. ಕಡಿದ ಎಳೆಗೂ ಸಡಿಲಾದ ಎಳೆಗೂ ಇರುವ ವ್ಯತ್ಯಾಸ ನನ್ನ ಬೆರಳಿಗೆ ಮೂವತ್ತು ವರ್ಷದಿಂದ ಗೊತ್ತು. ಸ್ವಲ್ಪ ಹೊತ್ತಿಗೆ ಒಂದು ಜಗ್ಗು ಬಂತು, ಸರಿಯಾಗಿದ್ದೇನೆ ಎಂದು. ಮುಕ್ಕಾಲು ಗಂಟೆಯ ಮೇಲೆ ಏರಿಯ ಆಚೆ ಕಾಲುವೆಯಲ್ಲಿ ನೀರು ಕೆಂಪಗೆ ನುಗ್ಗಿತು. ಚೌಡೇಶ ಮೆಟ್ಟಿಲು ಹಿಡಿದು ಏರಿ ಬಂದ. ಬಾಯಿಂದ ರಬ್ಬರು ತೆಗೆದು ಮೊದಲು ಕೇಳಿದ್ದು, "ಅಗ್ಗ ಬಿಡ್ಲಿಲ್ವಲ್ಲ ನೀನು?"

ಗುರುಮಲ್ಲಪ್ಪನವರು ಡಬ್ಬಿಯನ್ನು ಮುಟ್ಟಿ ನೋಡಿದರು. "ಒಸದೇನಪ್ಪ? ಅದ್ಕೇ ಕೆಲಸ ಆಯ್ತು ಬುಡು." ಹಳೆಯದೇ ಎಂದು ನಾನು ಹೇಳಿದೆ. ಅವತ್ತಿನದೂ ಒಳ್ಳೆಯ ಡಬ್ಬಿಯೇ, ಕೆಡಿಸಿದ್ದು ನನ್ನ ಎಣ್ಣೆ, ಇವನ ಅಪ್ಪನ ಆಯ್ಕೆಯಲ್ಲಿ ಏನೂ ತಪ್ಪಿರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅಷ್ಟು ಜನರ ಮುಂದೆ ನಾನು ಮಾತಾಡಿದ್ದು ಅಂದೇ ಮೊದಲು. ಗುರುಮಲ್ಲಪ್ಪನವರು ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡರು. "ಏಳು ವರ್ಸ ಆ ಮನುಸನ್ನ ಸುಮ್ಕೆ ಆಡ್ಕಂಡ್ವಲ್ಲವ್ವ. ಬರಾಕೇಳಿ," ಎಂದರು.

ಅವರ ಮಾತನ್ನು ನಿಮಗೆ ತಲುಪಿಸಿದ್ದೇನೆ. ನನ್ನ ಮಾತು ಬೇರೆ. ಕ್ಷಮಿಸಿ ಎಂದು ಬರೆಯಲು ಕೂತವಳಲ್ಲ ನಾನು. ನಿಮ್ಮ ಕಣ್ಣು ಮೋಸ ಹೋಗಿರಲಿಲ್ಲ, ಅದು ನಿಮಗೆ ತಿಳಿಯಬೇಕು. ನಮ್ಮ ಮಗ ನಿಮ್ಮ ವಿದ್ಯೆಯಲ್ಲಿ ಮುಳುಗಿದ, ನನ್ನ ಬೆರಳಿನ ಅಳತೆಯಲ್ಲಿ ಎದ್ದ. ಎರಡನ್ನೂ ಕೂಡಿಸಿ ನೋಡಿದರೆ ನಾವಿಬ್ಬರೂ ಅಷ್ಟೇನೂ ಕೆಟ್ಟ ಕೆಲಸಗಾರರಲ್ಲ.

ನಾಡಿದ್ದು ಅಮಾವಾಸ್ಯೆ. ಮಗ್ಗಕ್ಕೆ ಎಣ್ಣೆ ಕೊಡುತ್ತೇನೆ. ಮಾದಯ್ಯ ತಂದ ಡಬ್ಬಿಯನ್ನು ಚೌಡೇಶ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನನಗೇ ಕೊಟ್ಟಿದ್ದಾನೆ.

ಇಂತು,
ನಿಮ್ಮ ಮನೆಯಲ್ಲೇ ಇರುವ
ದೇವೀರಮ್ಮ

ಸೋಮವಾರ ಬೆಳಿಗ್ಗೆ, ಲಕೋಟೆ ಅಂಟಿಸುವ ಮೊದಲು: ಬರೆದದ್ದನ್ನು ಮತ್ತೊಮ್ಮೆ ಓದಿದೆ. ನನ್ನ ತಪ್ಪನ್ನು ಕಣ್ಣಾರೆ ನೋಡಿಯೇ ಕಳಿಸೋಣ ಎಂದು ಅಟ್ಟ ಹತ್ತಿ, ನೀವು ಬಿಟ್ಟು ಹೋದ ಡಬ್ಬಿಯನ್ನು ಇಳಿಸಿ ಬಿಚ್ಚಿದೆ. ಹಿತ್ತಾಳೆ ಮಸುಕಾಗಿದೆ, ಒಳಗೆ ಮಾತ್ರ ಸೋಪು ಹಾಕಿ ತೊಳೆದಂತೆ ಜಿಡ್ಡಿಲ್ಲ. ತಿರುಪುಗಳೆಲ್ಲ ಬಿಗಿಯಾಗಿವೆ. ಒಳಗೆ ರಬ್ಬರು ಇಲ್ಲ. ನೀವು ಹೋದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ರಬ್ಬರನ್ನು ತೆಗೆದವರು ನೀವೇ. ತೆಗೆದವರಿಗೆ ಅದು ಊದಿದ್ದು ಕಂಡಿರಬೇಕು, ಬೆರಳಿಗೆ ಅಂಟಿರಬೇಕು. ಹುಚ್ಚೆಳ್ಳೆಣ್ಣೆಯ ವಾಸನೆ ಈ ಮನೆಯಲ್ಲಿ ಯಾರ ಕೈಯಿಂದ ಬರುತ್ತದೆ ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹಳೇ ಮಾಲು ಎಂದು ಊರಿಗೆಲ್ಲ ಹೇಳಿದಿರಿ, ಅದನ್ನೇ ಮಗನಿಗೂ ಬರೆದಿರಿ. ಹೇಳಿ, ಈ ಏಳು ವರ್ಷ ನೀವು ಕೊಚ್ಚಿಯಲ್ಲಿ ಇದ್ದದ್ದು ನನ್ನ ಹೆಸರು ಕಾಯುವುದಕ್ಕೋ, ನನ್ನಿಂದ ದೂರ ಇರುವುದಕ್ಕೋ?