ಕಪ್ಪೆ ನೀರಿಗೆ ಬಿದ್ದದ್ದು ನನ್ನಿಂದ

ಟೀಚರ್ ಅವರಿಗೆ, ಇಸ್ತ್ರಿ ಅಂಗಡಿಯಿಂದ ನಮಸ್ಕಾರ.

ನಿಮ್ಮ ಚೀಟಿ ತಡವಾಗಿ ಸಿಕ್ಕಿತು. ತರಗತಿಯಲ್ಲಿ ಅರಳು ಹುರಿದಂತೆ ಓದುವ ನನ್ನ ಮಗಳು, ಮನೆಗೆ ಕೊಟ್ಟ ಟ್ಯಾಬ್‌ನ ಓದುವ ಆಟದಲ್ಲಿ ಏಕೆ ಇಷ್ಟು ತಪ್ಪುತ್ತಾಳೆ, ಅವಳನ್ನು ಕೆಳಗಿನ ಗುಂಪಿಗೆ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ತಪ್ಪೆಲ್ಲ ನನ್ನದು.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಪಾಠ ಮುಗಿದ ಮೇಲೆ ಅವಳ ಹೆಸರಿನಲ್ಲೇ ಆ ಆಟ ಆಡುವವಳು ನಾನು. ಮೇಜಿನ ಒಂದು ತುದಿಯಲ್ಲಿ ಇಸ್ತ್ರಿ, ಇನ್ನೊಂದು ತುದಿಯಲ್ಲಿ ಟ್ಯಾಬ್. ಪದ ತಪ್ಪಿದರೆ ಅದರಲ್ಲಿನ ಕಪ್ಪೆ ಎಲೆಯಿಂದ ಜಾರಿ ನೀರಿಗೆ ಬೀಳುತ್ತದೆ. ಒತ್ತಕ್ಷರ ಬಂದಾಗಲೆಲ್ಲ, ಪಾಪ, ಅದಕ್ಕೆ ಸ್ನಾನವೇ. ಈ ಗಡಿಬಿಡಿಯಲ್ಲಿ ಒಂದು ಬಿಳಿ ಅಂಗಿಯ ಕಾಲರನ್ನೂ ಸುಟ್ಟೆ.

“ಅಮ್ಮಾ, ಕಪ್ಪೆ ಕಾಯುತ್ತೆ, ಅಂಗಿ ಕಾಯಲ್ಲ!” ಎಂದು ಮಗಳು ನಗುತ್ತಾಳೆ.

ನೀವು ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲವಂತೆ. ನನ್ನ ಮರ್ಯಾದೆ ಕಾಯಲು.

ಇಷ್ಟು ವರ್ಷ ಬಣ್ಣದ ದಾರ ಕಟ್ಟಿ, ಯಾರ ಬಟ್ಟೆ ಯಾವುದೆಂದು ಗುರುತಿಡುತ್ತಿದ್ದೆ. ಈ ವಾರ ಮೊದಲ ಸಲ ಹೆಸರು ಬರೆದೆ. ಒಬ್ಬರ ಪ್ಯಾಂಟೂ ಇನ್ನೊಬ್ಬರ ಮನೆಗೆ ಹೋಗಿಲ್ಲ.

ಒಂದು ಕೋರಿಕೆ. ಆಟದಲ್ಲಿ ನನ್ನ ಹೆಸರನ್ನೂ ಬೇರೆಯಾಗಿ ಹಾಕಿಕೊಡಿ. ನನ್ನ ತಪ್ಪು ನನ್ನ ಹೆಸರಿಗೇ ಬರಲಿ. ಎಲ್ಲಕ್ಕಿಂತ ಕೆಳಗಿನ ಗುಂಪಾದರೂ ಚಿಂತೆಯಿಲ್ಲ.

ಮಗಳ ಮೇಲೆ ಕೋಪ ಬೇಡ. ನಿಮ್ಮ ಚೀಟಿಯನ್ನು ಅವಳು ನನಗೆ ಓದಿ ಹೇಳಲಿಲ್ಲ, ಹೆದರಿ ಬಚ್ಚಿಟ್ಟಿದ್ದಳು. ಚೀಲ ಒಗೆಯಲು ತೆಗೆದಾಗ ಸಿಕ್ಕಿತು. ನಾನೇ ಓದಿದೆ.

ಇದನ್ನೂ ನಾನೇ ಬರೆದೆ, ಮೂರು ಮಧ್ಯಾಹ್ನ ಹಿಡಿಯಿತು. ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆದು ವಾಪಸ್ ಕಳಿಸಿ.

ಇಂತಿ,
ಅವಳ ಅಮ್ಮ